ಮುಂದಿನ ಕೋಣೆಯ ಬೀಗ

ಮನೆ, ಮಹಡಿ ಮೆಟ್ಟಿಲ ಮೇಲಿಂದ
ಮಾರ್ಚ್ ೯, ಭಾನುವಾರ

ಸದಾ ‘ರೀ’ ಎಂದೇ ಕೂಗಿಸಿಕೊಳ್ಳುವ ಪ್ರೀತಿಯ ನಿಮಗೆ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯಲ್ಲಿ ನಿಂತೂ ನಿಂತೂ ಸೊಂಟನೋವು ಮತ್ತೆ ಬಂದಿರಬೇಕು. ಮುಲಾಮು ಹಚ್ಚಿಕೊಳ್ಳಿ, ಪೆಟ್ಟಿಗೆಯ ತಳದಲ್ಲಿಟ್ಟು ಮರೆಯಬೇಡಿ. ಮಂಡಿಯೊಂದು ಬಿಟ್ಟರೆ ಅತ್ತೆ ಚೆನ್ನಾಗಿದ್ದಾರೆ. ನನ್ನ ಮೈಗೇನೂ ಆಗಿಲ್ಲ. ತಲೆ ಮಾತ್ರ ಕೆಟ್ಟಿದೆ.

ನಮ್ಮ ಮುಂದಿನ ಕೋಣೆಗೆ ನಗರಸಭೆಯವರು ಬೀಗ ಜಡಿದು ಹೋಗಿದ್ದಾರೆ. ಭಾನುವಾರದ ಪ್ರಾರ್ಥನೆಯಿಂದ ಗಲಾಟೆಯಾಗುತ್ತಿದೆ ಎಂದು ಮೇಲಿನ ಮನೆಯ ಮೇಷ್ಟ್ರು ದೂರು ಕೊಟ್ಟರಂತೆ. ಗಲಾಟೆ! ನಿಮ್ಮ ಅಮ್ಮ, ಅವರ ಗೆಳತಿಯರು ಕಣ್ಣು ಮುಚ್ಚಿ, ತುಟಿ ಬಿಚ್ಚದೆ ಕೂರುವವರು. ಹಾಡಿಲ್ಲ, ಓದಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ. ಸದ್ದು ಮಾಡುತ್ತಿದ್ದವಳು ಅದೇ ಕೋಣೆಯ ಮೂಲೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ನಾನು. ದೇವರ ವಿಷಯದಲ್ಲಿ ನಾನೆಂಥವಳೆಂದು ನಿಮಗೆ ಗೊತ್ತೇ ಇದೆ. ಅವರ ಪಾಡಿಗೆ ಅವರು, ನನ್ನ ಪಾಡಿಗೆ ನಾನು. ಮೆಷಿನ್ ಓಡುತ್ತಿದ್ದರೇ ಮನಸ್ಸು ನಿಲ್ಲುತ್ತದೆ ಎಂದು ಅವರಲ್ಲೊಬ್ಬರು ಹೇಳಿದ್ದೂ ಉಂಟು.

ಕಚೇರಿಗೆ ಅಲೆದು ಚಪ್ಪಲಿ ಸವೆಯಿತು. ಸಾಹೇಬರ ಬೆನ್ನ ಹಿಂದೆ ಸಂವಿಧಾನದ ಪೀಠಿಕೆಗೆ ಗಾಜು ಹಾಕಿಸಿ ತೂಗುಬಿಟ್ಟಿದ್ದಾರೆ. ಅವರು ಓದಬೇಕೆಂದರೆ ಕುರ್ಚಿ ತಿರುಗಿಸಬೇಕು. ‘ನಂಬೋ ಹಕ್ಕು ಎಲ್ಲರಿಗೂ ಇದೆ ಕಣಮ್ಮ, ಯಾರು ಇಲ್ಲ ಅಂದ್ರು? ಅಕ್ಕಪಕ್ಕದವರ ಶಾಂತಿ ಕೆಡಬಾರದು ಅಷ್ಟೆ’ ಎಂದರು. ಸದ್ದು ನನ್ನ ಮೆಷಿನ್ನಿನದು ಎಂದೆ. ‘ಓಹೋ, ಪ್ರಾರ್ಥನೆ ಜೊತೆಗೆ ವ್ಯಾಪಾರಾನೂ ನಡೀತಿದೆ ಅನ್ನಿ!’ ಎಂದು ಅದನ್ನೂ ಬರೆದುಕೊಂಡರು. ಬಾಯಿ ಬಿಟ್ಟು ನಾನೇ ಕೆಟ್ಟೆ. ಕೊನೆಗೊಂದು ದಾರಿ ತೋರಿಸಿದರು: ಇನ್ನು ಇಲ್ಲಿ ಪ್ರಾರ್ಥನೆ ನಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಬೀಗ ತೆಗೆಯುತ್ತಾರಂತೆ, ಮೆಷಿನ್ ಓಡಿಸಿಕೊಳ್ಳಬಹುದಂತೆ! ಸದ್ದು ಮಾಡುವವಳಿಗೆ ಬಿಡುಗಡೆ, ಸುಮ್ಮನೆ ಕೂತವರಿಗೆ ತಡೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಬೀಗ ತೆಗೆಸಲು ಕೋರ್ಟಿಗೂ ಹೋಗಿದ್ದೇವೆ, ನಮ್ಮ ವಕೀಲರು ‘ಕೇಸು ಗೆದ್ದೇ ಗೆಲ್ತೀವಿ’ ಅನ್ನುತ್ತಾರೆ. ಯಾವಾಗ ಎಂದು ಕೇಳಿದರೆ ಕನ್ನಡಕ ಒರೆಸುತ್ತಾರೆ.

ಅತ್ತೆಯ ಮೇಲೂ ಸಿಟ್ಟು ನನಗೆ. ಬರೆದುಕೊಟ್ಟುಬಿಡೋಣ ಎಂದು ಕೂತಿದ್ದಾರೆ. ‘ನನ್ನ ದೇವರು ಎಲ್ಲಿ ಬೇಕಾದ್ರೂ ಕೂತ್ಕೋತಾನೆ, ನಿನ್ನ ಮೆಷಿನ್ ಹಾಗಲ್ವಲ್ಲಮ್ಮ’ ಎಂದು ನನಗೇ ಸಮಾಧಾನ ಬೇರೆ. ಅರ್ಧ ಹೊಲಿದ ಅಂಗಿಗಳೆಲ್ಲ ಒಳಗೇ ಇವೆ, ಶಾಲೆಯಿಂದ ದಿನಾ ಕೇಳಿ ಕಳಿಸುತ್ತಾರೆ, ನಿಜ. ಹಾಗಂತ ನನಗೋಸ್ಕರ ಅವರು ತಮ್ಮ ದೇವರನ್ನು ಮನೆಯಿಂದಾಚೆ ಕಳಿಸುವುದು ಯಾವ ನ್ಯಾಯ? ಇವತ್ತು ಅವರೆಲ್ಲ ಈ ಮೆಟ್ಟಿಲ ಮೇಲೆಯೇ ಕೂತಿದ್ದರು. ಮಂಡಿ ನೋವಿಗೆ ಅತ್ತೆ ನನ್ನ ಹೆಗಲಿಗೆ ಒರಗಿದರು, ಹಾಗಾಗಿ ನಾನೂ ಏಳಲಿಲ್ಲ. ಮೇಷ್ಟ್ರು ಹಾಲು ತರಲು ನಮ್ಮನ್ನು ದಾಟಿಕೊಂಡೇ ಹೋದರು.

ಅತ್ತೆ ಆಶೀರ್ವಾದ ಹೇಳಿದ್ದಾರೆ. ಊರೆಲ್ಲಕ್ಕೂ ಬಡಿಸಿ ತಾನು ಉಣ್ಣುವುದನ್ನು ಮರೆಯುವ ಚಾಳಿ ಬಿಡಿ.

ನಿಮ್ಮ
ಜಗಳಗಂಟಿ

ಮುಖ್ಯವಾದದ್ದೇ ಬಿಟ್ಟುಹೋಗಿತ್ತು: ಮನೆ ನಿಮ್ಮ ಹೆಸರಿನಲ್ಲಿರುವುದರಿಂದ ಆ ಮುಚ್ಚಳಿಕೆಗೆ ನಿಮ್ಮ ಸಹಿಯೇ ಬೇಕಂತೆ. ಹಡಗು ದಡ ಮುಟ್ಟಿದೊಡನೆ ಅತ್ತೆ ಫೋನಿನಲ್ಲಿ ಅತ್ತೂ ಕರೆದೂ ಕೇಳುತ್ತಾರೆ. ಹಾಕಬೇಡಿ. ಕೆಲಸವಿಲ್ಲದೆ ಕೂತು ಸಾಕಾಗಿ, ನಾಳೆ ನಾನೇ ಬೇಡಿಕೊಂಡರೂ ಹಾಕಬೇಡಿ.