ತೋಳಿನ ಮೇಲೆ ಬರೆದದ್ದು

ಮಾರ್ಚ್ ೧೪, ಗುರುವಾರ

ಆ ನರ್ಸ್ ಬಂದಾಗ ನನಗೆ ಜೊಂಪು ಹತ್ತಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಿಡುತ್ತಲೇ ಇಲ್ಲ.

ಬೆಳಿಗ್ಗೆ ಕಿಡ್ನಿ ಕಲ್ಲಿನ ನೋವು ತಡೆಯಲಾರದೆ ತಂಗಿಯ ಜೊತೆ ಎಮರ್ಜೆನ್ಸಿಗೆ ಹೋದೆ. ಅಲ್ಲಿ ಕೊಡುವ ನೋವಿನ ಇಂಜೆಕ್ಷನ್ ನನಗೆ ಆಗುವುದಿಲ್ಲ, ಹೋದ ಸಲ ಗಂಟಲು ಊದಿ ಉಸಿರು ಕಟ್ಟಿತ್ತು ಎಂದು ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವಳಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ನರ್ಸಿಗೂ ಹೇಳಿದೆ. ಮೂವರೂ ತಮ್ಮ ತಮ್ಮ ಹಾಳೆಯಲ್ಲಿ ಬರೆದುಕೊಂಡರು. ಮಧ್ಯಾಹ್ನ ಪಾಳಿ ಬದಲಾಯಿತು. ಹೊಸ ನರ್ಸ್ ಅದೇ ಇಂಜೆಕ್ಷನ್ ಹಿಡಿದು ಬಂದು ನನ್ನ ತೋಳು ಒರೆಸತೊಡಗಿದಳು.

"ಬೇಡಮ್ಮ, ಅದು ನನಗೆ ಆಗಲ್ಲ."

"ಶೀಟಲ್ಲಿ ಹಾಗೇನೂ ಬರೆದಿಲ್ವಲ್ಲ ಅಕ್ಕ."

"ನೀನು ಚುಚ್ತಿರೋದು ಶೀಟಿಗಲ್ಲ, ನನಗೆ."

ಕೇಳಿಕೊಂಡು ಬರುತ್ತೇನೆಂದು ಹೋದಳು. ಹೊಲಿಗೆಯವಳು ನಾನು, ಅಳತೆ ಚೀಟಿ ಕಳೆದುಹೋದೀತೆಂದು ಬಟ್ಟೆಯ ಮೇಲೇ ಗುರುತು ಹಾಕಿಬಿಡುತ್ತೇನೆ. ತಂಗಿಯ ಪೆನ್ನು ಇಸಿದುಕೊಂಡು, ಇಂಜೆಕ್ಷನ್ನಿನ ಹೆಸರು ಬರೆದು ಕೆಳಗೆ 'ಕೊಡಬೇಡಿ' ಎಂದು ತೋಳಿನ ಮೇಲೆ ದಪ್ಪಗೆ ಬರೆದೆ. ಆಮೇಲೆ ಬಂದವರೆಲ್ಲ ಮೊದಲು ತೋಳು ಓದಿದರು.

ಮನೆಗೆ ಬಂದ ಮೇಲೆ ತಂಗಿ ಸೋಪು ತಂದಿಟ್ಟು ಮಲಗಿದಳು. ಆಸ್ಪತ್ರೆಯಿಂದ ಕಳಿಸುವಾಗ ಕೊಟ್ಟ ಚೀಟಿಯನ್ನು ಈಗಷ್ಟೇ ಬಿಡಿಸಿ ಓದಿದೆ. ಕೊನೆಯ ಸಾಲು: 'ಅಲರ್ಜಿ: ಇಲ್ಲ.'

ಸೋಪು ಬದಿಗಿಟ್ಟು, ಇದೇ ಪೆನ್ನಿನಿಂದ ತೋಳಿನ ಅಕ್ಷರಗಳನ್ನು ಮತ್ತೊಮ್ಮೆ ತಿದ್ದಿದೆ.