ಕೆರೆ ದಂಡೆಯ ಗಾಳಿ

ಹಿರೇಕೆರೂರು, ೧೨ ಡಿಸೆಂಬರ್ ೧೯೭೯. ರಾತ್ರಿ ಎರಡು ಗಂಟೆ.

ಮಗಳ ಎದೆಯ ಗೊರಗೊರ ಸದ್ದಿಗೆ ಎಚ್ಚರವಾಯಿತು. ಮೈ ಸುಡುತ್ತಿದೆ. ದವಾಖಾನೆ ತೆರೆಯುವುದು ಬೆಳಿಗ್ಗೆಯೇ.

ಸಂಜೆ ಅವಳನ್ನು ಎತ್ತಿಕೊಂಡು ಕೆರೆ ದಂಡೆಗೆ ಹೊರಟಾಗ ಅತ್ತೆ, "ಥಂಡಿ ಗಾಳಿ ಬಿಟ್ಟೈತಿ, ಕೂಸಿನ ಕಿವೀಗೆ ಅರಿವಿ ಕಟ್ಟವಾ" ಎಂದರು. ನಾನು ನಕ್ಕು, ಅರಿವಿ ಕಟ್ಟದೆಯೇ ಹೊರಟೆ. ನಿಸರ್ಗವೇ ಗುರು, ಮಂದಿಯ ಮಾತಿಗಿಂತ ನಿನ್ನ ಅಂತರಂಗವನ್ನು ನಂಬು ಎಂದು ಬಿ.ಎ. ಓದುವಾಗ ಅಮೆರಿಕದ ದಾರ್ಶನಿಕರೊಬ್ಬರ ಪ್ರಬಂಧದಿಂದ ಕಲಿತವಳಲ್ಲವೇ! ಅವರೂ ಎಂದಾದರೂ ಕೂಸಿನ ಉಸಿರು ಎಣಿಸುತ್ತ ಕೂತಿದ್ದರೋ ಏನೋ, ಪಾಠದಲ್ಲಿ ಬರಲಿಲ್ಲ.

ಈಗ ಎದ್ದು ಬಂದ ಅತ್ತೆ ಬೈಯಲಿಲ್ಲ. "ಕೂಸಿನ್ನ ಇತ್ತ ಕೊಡು, ನೀ ಒಂದೀಟು ಮಲಕೋ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಇವರು ಕಚೇರಿ ಕೆಲಸದ ಮೇಲೆ ಊರೂರು ಫಿರತಿಗೆ ಹೋಗಿ ನಾಲ್ಕು ದಿನ. ಯಾವ ಊರಿನಲ್ಲಿದ್ದಾರೋ. ಇದನ್ನು ನೀವು ಓದುವುದಿಲ್ಲ, ಗೊತ್ತು. ಆದರೂ, ರೀ, ಬೆಳಗಾಗುವುದರೊಳಗೆ ಪಕ್ಕದ ಶೇಖಸಾಬರ ಮನೆಗೆ ಒಂದು ಫೋನು ಮಾಡಿರಿ. ನನ್ನೊಬ್ಬಳ ಕೈಯಿಂದ ಇದು ಆಗುವುದಿಲ್ಲ.