ಹದಿನಾಲ್ಕು ಅಂಗಿಗಳ ಸಿಟ್ಟು

ಅತ್ತೆಮನೆ,
ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಅಮ್ಮಾ,

ನೀನು ಅಜ್ಜಿಯಾಗುತ್ತಿದ್ದೀಯ! ಡಾಕ್ಟರು ನಿನ್ನೆಯೇ ಹೇಳಿದರು. ಇವರಂತೂ ಖುಷಿಯಲ್ಲಿ ಆಸ್ಪತ್ರೆಯ ಗಾಜಿನ ಬಾಗಿಲಿಗೇ ಹಣೆ ಚಚ್ಚಿಕೊಂಡರು. ನಿನ್ನ ಮಂಡಿನೋವು ಹೇಗಿದೆ? ಹೊಲಿಗೆ ಮೆಷಿನ್ ತುಳಿಯಬೇಡ, ಮೋಟಾರ್ ಹಾಕಿಸು ಎಂದಿದ್ದೆ. ಹಾಕಿಸಿಲ್ಲ, ಗೊತ್ತು. ಆರೋಗ್ಯ ವಿಚಾರಿಸಿದ್ದಾಯಿತು. ಇನ್ನು ಜಗಳ.

ಸುದ್ದಿ ಕೇಳಿ ಅತ್ತೆ ನನ್ನನ್ನು ತಬ್ಬಿಕೊಂಡು, "ಮಗೂಗೆ ನಿನ್ನ ಸಿಟ್ಟೊಂದು ಬರದಿದ್ರೆ ಸಾಕಮ್ಮ" ಎಂದರು. "ಅದು ನಮ್ಮಮ್ಮನ ಬಳುವಳಿ ಅತ್ತೆ, ಬಂದೇ ಬರುತ್ತೆ" ಎಂದು ನಾನು ನಕ್ಕೆ. "ನಿಮ್ಮಮ್ಮ ಹಾಗೆ ಬರೆದಿಲ್ವಲ್ಲ" ಎನ್ನುತ್ತಾ ಅವರು ಬೀರುವಿನಿಂದ ನಿನ್ನ ಕಾಗದ ತಂದು ಕೈಗಿಟ್ಟರು. ಮದುವೆಗೆ ಮುಂಚೆ ನೀನು ಅವರಿಗೆ ಬರೆದದ್ದು. 'ಹುಡುಗಿಗೆ ಮೂಗಿನ ತುದಿಯಲ್ಲೇ ಕೋಪ. ಅದು ನಾನು ಕಲಿಸಿದ್ದಲ್ಲ, ಹೆತ್ತವಳಿಂದ ಬಂದದ್ದು. ಆರು ತಿಂಗಳ ಕೂಸಾಗಿ ನನ್ನ ಮಡಿಲಿಗೆ ಬಂದಾಗಲೇ ಹಾಗಿದ್ದಳು. ದಯವಿಟ್ಟು ನನ್ನನ್ನು ದೂರಬೇಡಿ.'

ಅಮ್ಮಾ! ಸಾಕುಮಗಳು ಎಂದು ಹೇಳಿದ್ದಕ್ಕೆ ನನಗೆ ಬೇಸರವಿಲ್ಲ, ಅದನ್ನು ನಾನೇ ಊರಿಗೆಲ್ಲ ಸಾರುತ್ತೇನೆ. ಆದರೆ ನನ್ನಲ್ಲಿರುವ ಒಳ್ಳೆಯದೆಲ್ಲ ನಿನ್ನದು, ಕೆಟ್ಟದ್ದು ಮಾತ್ರ ನಾವಿಬ್ಬರೂ ಮುಖ ನೋಡದ ಆ ಹೆಂಗಸಿನದಾ? ಪಾಪ, ಅವಳನ್ನೇಕೆ ಎಳೆಯುತ್ತೀಯ? ಗಿರಾಕಿಯೊಬ್ಬಳು ತಾನೇ ತಪ್ಪು ಅಳತೆ ಕೊಟ್ಟು ನಿನ್ನನ್ನು ಬೈದಾಗ, ಅವಳ ಕೋಟನ್ನು ಅವಳೆದುರೇ ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ಮಡಿಸಿ ಕೈಗಿಟ್ಟು ಕಳಿಸಿದ್ದು ಯಾರು? ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು ನಾನು ಚಪ್ಪಾಳೆ ತಟ್ಟಿದ್ದೆ. ನನ್ನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದವಳು ನೀನು. ನನ್ನ ಈ ಕಾಗದದಲ್ಲಿ ಒತ್ತಕ್ಷರ ತಪ್ಪಿದ್ದರೆ ಅದೂ ಹೆತ್ತವಳಿಂದ ಬಂದದ್ದೇನು?

ಓದಿ ಮುಗಿಸಿ ನಾನು ಕೂಗಾಡಲಿಲ್ಲ. ಇಸ್ತ್ರಿಪೆಟ್ಟಿಗೆ ಹಿಡಿದೆ. ಮನೆಯಲ್ಲಿದ್ದ ಹದಿನಾಲ್ಕು ಅಂಗಿ ಮುಗಿಸಿ, ಮಾವನ ಕರವಸ್ತ್ರಗಳನ್ನು ಮುಗಿಸಿ, ಪಾತ್ರೆ ಒರೆಸುವ ಬಟ್ಟೆಗೂ ಗೆರೆ ಕೂರಿಸಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಮೆಲ್ಲಗೆ, "ಮದುವೆ ಮಾತುಕತೆಯ ದಿನ ನಾವು ಎರಡು ಗಂಟೆ ತಡವಾಗಿ ಬಂದಾಗ ನಿಮ್ಮಮ್ಮನೂ ಹೀಗೇ ಇಸ್ತ್ರಿ ಮಾಡ್ತಾ ನಿಂತಿದ್ರು. ಬನ್ನಿ ಅಂತ ತಿರುಗೂ ನೋಡ್ಲಿಲ್ಲ" ಎಂದರು. ಆಮೇಲೆ, "ಈ ಕಾಗದ ನಿನ್ನ ಹತ್ರಾನೇ ಇರ್ಲಿ, ನಂಗೆ ಬೇಡ" ಎಂದರು.

ನಿನ್ನ ಮಂಡಿಗೊಂದು ಮುತ್ತು. ಉಳಿದ ನಿನ್ನ ಮೇಲೆಲ್ಲ ಸಿಟ್ಟು.

ನಿನ್ನ, ಹೌದು ನಿನ್ನದೇ,
ಮಗಳು

ಬರೆಯಲು ಮರೆತೆ: ಆ ಕಾಗದ ನನ್ನ ಚೀಲದಲ್ಲಿದೆ. 'ಹೆತ್ತವಳಿಂದ' ಎಂಬುದನ್ನು ನೀನೇ ಹೊಡೆದುಹಾಕಿ, 'ನನ್ನಿಂದ' ಎಂದು ನಿನ್ನ ಕೈಯಾರೆ ಬರೆಯಬೇಕು. ನಾಳೆ ನನ್ನ ಮಗು ಚಂಡಿ ಹಿಡಿದರೆ ಅದು ಯಾರ ಮೊಮ್ಮಗು ಎಂದು ತೋರಿಸಲು ನನಗೆ ಬೇಕು. ಪೆನ್ನು ತೆಗೆದಿಟ್ಟಿರು. ಶುಕ್ರವಾರ ಬರುತ್ತಿದ್ದೇನೆ, ಬೆಳಿಗ್ಗೆ ಹತ್ತೂಕಾಲಿನ ಪ್ಯಾಸೆಂಜರ್ ರೈಲು.